ಕೌಂಟರ್ ನಮ್ಮದಲ್ಲ, ಕೆಲಸ ಮಾತ್ರ ನಮ್ಮದು

ಕನ್ನಡ ಕೂಟದಲ್ಲಿ ಯಾರಾದರೂ "ನೀವು ಎಲ್ಲಿ ಕೆಲಸ ಮಾಡ್ತೀರಾ" ಅಂತ ಕೇಳಿದರೆ ನಾನು ಸ್ವಲ್ಪ ತಡವರಿಸುತ್ತೇನೆ. ಅಮೆರಿಕದ ಒಂದು ಸಿಟಿ ಸರ್ಕಾರದಲ್ಲಿ ವಲಸಿಗರಿಗಾಗಿ ಒಂದು ಕಚೇರಿ ಇದೆ, ಅದನ್ನು ನಡೆಸುತ್ತೇನೆ ಅಂದ ಕೂಡಲೇ ಮುಂದಿನ ಪ್ರಶ್ನೆ ಗ್ರೀನ್ ಕಾರ್ಡಿನದ್ದು. "ಕಂಪನಿ ಹಾಕಿದ ನಮ್ಮ ಗ್ರೀನ್ ಕಾರ್ಡ್ ಅರ್ಜಿ, ಐ-140, ಅಪ್ರೂವ್ ಆಗಿ ಯಾವ ಕಾಲ ಆಯ್ತು ಮೇಡಂ, ನಿಮ್ಮ ಕಡೆಯಿಂದ ಏನಾದ್ರೂ ಆಗುತ್ತಾ?" ಆಗೋದಿಲ್ಲ. ವೀಸಾ, ಗ್ರೀನ್ ಕಾರ್ಡು, ಪೌರತ್ವ ಎಲ್ಲ ಫೆಡರಲ್ ಸರ್ಕಾರದ ಕೈಯಲ್ಲಿದೆ. ಮೇಯರ್ ಖುದ್ದಾಗಿ ಹೇಳಿದರೂ ಒಂದು ಫೈಲು ಅಲುಗಾಡುವುದಿಲ್ಲ.

ಸಿಟಿಯ ಕೈಯಲ್ಲಿರುವುದು ಬೇರೆ. ನೀರಿನ ಬಿಲ್ಲು, ಕಸ, ಬಾಡಿಗೆ ಮನೆಯ ತಕರಾರು, ಅಂಗಡಿಯ ಲೈಸೆನ್ಸು, ಅಗ್ನಿಶಾಮಕ ದಳ, ಪೊಲೀಸು, ಲೈಬ್ರರಿ, ಕೆಲವು ಊರುಗಳಲ್ಲಿ ಆರೋಗ್ಯ ಕೇಂದ್ರಗಳೂ ಶಾಲೆಗಳೂ. ಈ ಕಿಟಕಿಗಳ ಮುಂದೆ ಇಂಗ್ಲಿಷ್ ಸರಿಯಾಗಿ ಬಾರದವರು ಬಂದು ನಿಂತಾಗ ಏನಾಗುತ್ತದೆ ಅನ್ನೋದೇ ನನ್ನ ಕೆಲಸ.

ಇಂಥ ಕಚೇರಿಗಳು ಇಲ್ಲಿ ತೀರಾ ಹಳೆಯವಲ್ಲ. ಬಾಸ್ಟನ್‌ನಲ್ಲಿ ಮೇಯರ್ ಮೆನಿನೊ 1998ರಲ್ಲಿ ಒಂದನ್ನು ಶುರು ಮಾಡಿದರು. ಶಿಕಾಗೋದಲ್ಲಿ 2011, ಸಿಯಾಟಲ್‌ನಲ್ಲಿ 2012. ನ್ಯೂಯಾರ್ಕ್‌ನಲ್ಲಿ ಇದು ಸಿಟಿಯ ಮೂಲ ಕಾನೂನಾದ ಚಾರ್ಟರ್‌ನಲ್ಲೇ ಇದೆ, ಹಾಗಾಗಿ ಮೇಯರ್ ಬದಲಾದರೂ ಕಚೇರಿ ಉಳಿಯುತ್ತದೆ. ಮೇಯರ್ ಆದೇಶದ ಮೇಲೆ ನಿಂತ ಕಚೇರಿಗೆ ಆ ಧೈರ್ಯ ಇರೋದಿಲ್ಲ, ಪ್ರತಿ ಚುನಾವಣೆಗೂ ಎದೆ ಡವಡವ.

ಒಂದು ವಿಷಯ ಹೊರಗಿನವರಿಗೆ ಅರ್ಥವಾಗುವುದೇ ಇಲ್ಲ. ಈ ಕಚೇರಿಯ ಮುಖ್ಯಸ್ಥೆ ಅಂದರೆ ಯಾವ ಕೌಂಟರಿನ ಮೇಲೂ ನನಗೆ ಅಧಿಕಾರ ಇಲ್ಲ. ನೀರಿನ ಇಲಾಖೆಯ ಗುಮಾಸ್ತರು ನೀರಿನ ಇಲಾಖೆಯ ಮಾತು ಕೇಳುತ್ತಾರೆ. ಪೊಲೀಸರು ಪೊಲೀಸ್ ಮುಖ್ಯಸ್ಥರ ಮಾತು ಕೇಳುತ್ತಾರೆ. ನಮ್ಮ ಕೈಯಲ್ಲಿ ಇರುವುದು ಒಂದು ಸಣ್ಣ ತಂಡ, ಅದಕ್ಕಿಂತ ಸಣ್ಣ ಬಜೆಟ್ಟು, ಮತ್ತೆ ಒಂದು ನಿಯಮ: ಪ್ರತಿ ಇಲಾಖೆಯೂ ಭಾಷಾ ಸೌಲಭ್ಯದ ಯೋಜನೆ, ಅಂದರೆ ಇಂಗ್ಲಿಷ್ ಬಾರದವರಿಗೆ ಹೇಗೆ ಸೇವೆ ಕೊಡುತ್ತೇವೆ ಅಂತ, ಬರೆದು ಕೊಡಬೇಕು ಅಂತ. ಯೋಜನೆ ಬರೆಯುತ್ತಾರೆ. ತುಂಬಾ ಚೆನ್ನಾಗಿ ಬರೆಯುತ್ತಾರೆ. ಬರೆದಿದ್ದು ಕೌಂಟರ್ ತನಕ ಬಂದಿದೆಯಾ ಅಂತ ನೋಡಲು ಹೋದರೆ ಅಲ್ಲಿ ಕೂತ ಹುಡುಗನಿಗೆ ಅಂಥದ್ದೊಂದು ಯೋಜನೆ ಇದೆ ಅಂತಲೇ ಗೊತ್ತಿರುವುದಿಲ್ಲ.

ಅದಕ್ಕೇ ನಾನು ಆಗಾಗ ಸುಮ್ನೆ ಹೋಗಿ ಕೌಂಟರುಗಳ ಹತ್ತಿರ ಕೂತುಕೊಳ್ಳುತ್ತೇನೆ. ಒಂದು ಸಲ ಹಿರಿಯ ನಾಗರಿಕರ ಸೇವೆಗಳ ಡೆಸ್ಕ್ ಪಕ್ಕದಲ್ಲಿ ಕೂತಿದ್ದೆ. ಒಬ್ಬರು ವಯಸ್ಸಾದ ಹೆಂಗಸು ಬಂದರು. ಕಾಟನ್ ಸೀರೆ, ಅದರ ಮೇಲೆ ದಪ್ಪ ಜಾಕೆಟ್ಟು, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಜೋಡಿಸಿಟ್ಟ ಕಾಗದಗಳು. ಮಗಳು ಡ್ರಾಪ್ ಮಾಡಿ ಕೆಲಸಕ್ಕೆ ಹೋಗಿದ್ದಳು. ಗುಮಾಸ್ತ ಒಳ್ಳೆಯ ಹುಡುಗ, ಟ್ರೇನಿಂಗ್‌ನಲ್ಲಿ ಹೇಳಿಕೊಟ್ಟ ಹಾಗೆ, ಫೋನಿನಲ್ಲೇ ಮಾತು ಅನುವಾದ ಮಾಡಿಕೊಡುವ ಇಂಟರ್‌ಪ್ರಿಟರ್ ಲೈನಿಗೆ ಫೋನ್ ಮಾಡಿದ. ಆದರೆ ಯಾವ ಭಾಷೆ ಅಂತ ಕೇಳಲಿಲ್ಲ. ಮುಖ ನೋಡಿ ಹಿಂದಿ ಅಂದ. ಸ್ಪೀಕರ್‌ನಲ್ಲಿ ಹಿಂದಿ ಶುರುವಾಯಿತು. ಆ ತಾಯಿ ಎಲ್ಲದಕ್ಕೂ "ಹಾಂ, ಹಾಂ" ಅಂತ ತಲೆ ಆಡಿಸುತ್ತಾ ಹೋದರು. ಒಬ್ಬರೇ ಇರುವುದಾ? ಹಾಂ. ಅಡುಗೆಗೆ ಸಹಾಯ ಬೇಕಾ? ಹಾಂ. ಯಾವುದಾದರೂ ಪಿಂಚಣಿ ಬರುತ್ತಾ? ಹಾಂ. ಹುಡುಗ ಸ್ಕ್ರೀನಿನಲ್ಲಿ ಟಿಕ್ ಹಾಕುತ್ತಾ ಹೋದ. ಮಗಳ ಮನೆಯಲ್ಲಿ ಇರುವ ಹೆಂಗಸು ಆ ಫಾರಂನಲ್ಲಿ ಒಂಟಿ ಆಗಿಬಿಟ್ಟರು, ಇಲ್ಲದ ಪಿಂಚಣಿಯೂ ಬಂತು.

ನಾನು ಎದ್ದು ಹೋಗಿ ಕನ್ನಡದಲ್ಲಿ ಮಾತಾಡಿಸಿದೆ. "ಅಯ್ಯೋ, ನಮ್ಮವರಾ! ಮೊದಲೇ ಹೇಳಬಾರದಾ ತಾಯಿ" ಅಂತ ನನ್ನ ಕೈ ಹಿಡಿದುಕೊಂಡರು. ಹಿಂದಿ ಬರುತ್ತಾ ಅಮ್ಮ ಅಂದರೆ, "ಎಲ್ಲಿಂದ ಬರಬೇಕು, ಧಾರಾವಾಹಿ ನೋಡಿ ಒಂದೆರಡು ಮಾತು ಗೊತ್ತು." ಹಾಗಾದರೆ ಎಲ್ಲದಕ್ಕೂ ಹೂಂ ಅಂದಿದ್ದು ಯಾಕೆ? "ಪಾಪ, ಆ ಹುಡುಗ ಅಷ್ಟು ಕಷ್ಟಪಟ್ಟು ಫೋನ್ ಮಾಡಿದ್ದಾನೆ. ಬೇಡ ಅನ್ನೋದು ಹೇಗಮ್ಮ?"

ಅಲ್ಲಿ ನಾನೇ ಕೂತು ಅನುವಾದ ಮಾಡಿಬಿಡಬಹುದಿತ್ತು. ಮಾಡಲಿಲ್ಲ. ನಾನು ತರಬೇತಿ ಪಡೆದ ಇಂಟರ್‌ಪ್ರಿಟರ್ ಅಲ್ಲ, ಅದೂ ಅಲ್ಲದೆ ನಾಳೆ ನಾನು ಆ ಡೆಸ್ಕಿನಲ್ಲಿ ಇರುವುದಿಲ್ಲ. ಫೋನ್ ಇಟ್ಟು ಕನ್ನಡ ಅಂತ ಕೇಳಿ ಮತ್ತೆ ಮಾಡಪ್ಪ ಅಂದೆ. ಸ್ವಲ್ಪ ಕಾಯಬೇಕಾಯಿತು, ಆದರೆ ಸಿಕ್ಕಿದರು. ಆಮೇಲೆ ನಾವು ಎಲ್ಲ ಡೆಸ್ಕುಗಳಲ್ಲೂ ಒಂದು ಸಣ್ಣ ಬದಲಾವಣೆ ಮಾಡಿಸಿದೆವು. ಗುಮಾಸ್ತರು ಭಾಷೆ ಊಹಿಸುವ ಹಾಗಿಲ್ಲ. ಬೇರೆ ಬೇರೆ ಲಿಪಿಯಲ್ಲಿ ಭಾಷೆಗಳ ಹೆಸರು ಬರೆದ ಹಾಳೆ ಮುಂದಿಡಬೇಕು, ಬಂದವರು ತಮ್ಮದನ್ನು ಬೆರಳಿಟ್ಟು ತೋರಿಸುತ್ತಾರೆ. ಇದೇ ತೊಂದರೆ ಗ್ವಾಟೆಮಾಲಾದಿಂದ ಬಂದವರಿಗೆ ಇನ್ನೂ ಜಾಸ್ತಿ. ಅವರಲ್ಲಿ ಅನೇಕರ ಮನೆಮಾತು ಮಾಮ್ ಅಥವಾ ಕಿಚೆ, ಸ್ಪ್ಯಾನಿಷ್ ಅಲ್ಲ. ಎಲ್ಲರೂ ಅವರ ಮೇಲೆ ಸ್ಪ್ಯಾನಿಷ್ ಹೇರುತ್ತಾರೆ, ಅವರೂ ನಮ್ಮಮ್ಮಂದಿರ ಹಾಗೆ ತಲೆ ಆಡಿಸುತ್ತಾರೆ.

ಕಾನೂನು ಏನು ಹೇಳುತ್ತದೆ ಅನ್ನೋದನ್ನು ಇಲ್ಲಿ ಹೇಳಿಬಿಡುತ್ತೇನೆ, ಯಾಕಂದರೆ ನಮ್ಮವರೇ "ಇಂಗ್ಲಿಷ್ ಕಲೀಬೇಕಪ್ಪ, ಸರ್ಕಾರ ಯಾಕೆ ದುಡ್ಡು ಖರ್ಚು ಮಾಡಬೇಕು" ಅಂತ ನನಗೆ ಪಾಠ ಹೇಳುತ್ತಿರುತ್ತಾರೆ. 1964ರ ಸಿವಿಲ್ ರೈಟ್ಸ್ ಕಾಯ್ದೆಯ ಆರನೇ ಭಾಗದ ಪ್ರಕಾರ ಫೆಡರಲ್ ಹಣ ಪಡೆಯುವ ಯಾವ ಸಂಸ್ಥೆಯೂ ಮೂಲ ದೇಶದ ಕಾರಣಕ್ಕೆ ಯಾರಿಗೂ ಭೇದ ಮಾಡುವಂತಿಲ್ಲ. ಅದರಲ್ಲಿ ಭಾಷೆ ಅನ್ನುವ ಮಾತೇ ಇಲ್ಲ. ಭಾಷೆಯನ್ನು ಅದರೊಳಗೆ ತಂದಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಪೋಷಕರು. ಇಂಗ್ಲಿಷ್ ಬಾರದ ಸುಮಾರು 1,800 ಮಕ್ಕಳನ್ನು ಯಾವ ಸಹಾಯವೂ ಇಲ್ಲದೆ ಇಂಗ್ಲಿಷ್ ಕ್ಲಾಸಿನಲ್ಲಿ ಕೂರಿಸಿದ್ದರು. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಮೇಷ್ಟ್ರು ಕೊಟ್ಟಿದ್ದೇವಲ್ಲ ಅನ್ನುವುದು ಶಾಲೆಗಳ ವಾದ. ಮಗುವಿಗೆ ಏನೂ ಅರ್ಥವಾಗದಿದ್ದರೆ ಅದು ಸಮಾನತೆ ಅಲ್ಲ ಅಂತ 1974ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪು ಕೊಟ್ಟಿತು. ಲಾವ್ ವಿರುದ್ಧ ನಿಕೋಲ್ಸ್ ಅಂತ ಆ ಕೇಸಿನ ಹೆಸರು. 2000ದ ಆಗಸ್ಟ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಎಲ್ಲ ಫೆಡರಲ್ ಇಲಾಖೆಗಳಿಗೂ ಭಾಷಾ ಸೌಲಭ್ಯದ ಆದೇಶ ಹೊರಡಿಸಿದರು. 2025ರ ಮಾರ್ಚ್ 1ರಂದು ಅಧ್ಯಕ್ಷ ಟ್ರಂಪ್ ಇಂಗ್ಲಿಷನ್ನು ದೇಶದ ಅಧಿಕೃತ ಭಾಷೆ ಅಂತ ಘೋಷಿಸಿ ಆ ಆದೇಶವನ್ನು ವಾಪಸ್ ತೆಗೆದರು.

ಆ ವಾರ ನಮ್ಮ ಇಲಾಖೆಗಳಿಂದ ಬಂದ ಫೋನು ಒಂದಾ ಎರಡಾ! ಎಲ್ಲರ ಪ್ರಶ್ನೆಯೂ ಒಂದೇ, ಇನ್ನು ನಿಲ್ಲಿಸಬಹುದಾ? ಕೆಲವರ ದನಿಯಲ್ಲಿ ನೆಮ್ಮದಿ ಕೇಳಿಸುತ್ತಿತ್ತು, ಅದನ್ನು ಮರೆಯೋಕೆ ಆಗೋದಿಲ್ಲ. ನಿಲ್ಲಿಸುವ ಹಾಗಿಲ್ಲ. 1964ರ ಕಾಯ್ದೆಯನ್ನು ಮಾಡಿದ್ದು ಕಾಂಗ್ರೆಸ್ಸು, ಅಂದರೆ ಇಲ್ಲಿನ ಸಂಸತ್ತು, ಅಧ್ಯಕ್ಷರ ಆದೇಶದಿಂದ ಅದು ಅಳಿಸುವುದಿಲ್ಲ. ಜೊತೆಗೆ ಅನೇಕ ಊರುಗಳಿಗೆ ಅವುಗಳದ್ದೇ ಕಾನೂನು ಇದೆ. ಓಕ್ಲೆಂಡ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋ 2001ರಲ್ಲೇ ಮಾಡಿಕೊಂಡವು. ವಾಷಿಂಗ್ಟನ್ ಡಿ.ಸಿ. 2004ರಲ್ಲಿ. ನ್ಯೂಯಾರ್ಕ್‌ನ 2017ರ ಲೋಕಲ್ ಲಾ 30 ಪ್ರಕಾರ ಮುಖ್ಯ ಕಾಗದಪತ್ರಗಳು ಹತ್ತು ಭಾಷೆಗಳಲ್ಲಿ ಸಿಗಬೇಕು, ಅದರಲ್ಲಿ ಬಂಗಾಳಿ ಮತ್ತು ಉರ್ದುವೂ ಇವೆ. ಫೋನಿನಲ್ಲಿ ಕನಿಷ್ಠ 100 ಭಾಷೆಗಳ ಇಂಟರ್‌ಪ್ರಿಟರ್ ಸಿಗಬೇಕು.

ಈ ಕೊನೆಯ ವ್ಯತ್ಯಾಸ ನಮಗೆ ಮುಖ್ಯ. ಬರವಣಿಗೆಗೆ ಒಂದು ಸಂಖ್ಯೆಯ ಗಡಿ ಇರುತ್ತದೆ. ಇಷ್ಟು ಸಾವಿರ ಜನ ಇದ್ದರೆ ಮಾತ್ರ ಆ ಭಾಷೆಯಲ್ಲಿ ಫಾರಂ ಅಚ್ಚಾಗುತ್ತದೆ. ಕನ್ನಡ ಆ ಗಡಿ ದಾಟುವುದನ್ನು ನಾನಂತೂ ಎದುರು ನೋಡುತ್ತಿಲ್ಲ. ಆದರೆ ಬಾಯಿಮಾತಿಗೆ ಆ ಗಡಿ ಸಾಮಾನ್ಯವಾಗಿ ಇಲ್ಲ. ನಿಮ್ಮ ಅತ್ತೆ ಸಿಟಿ ಆಸ್ಪತ್ರೆಗೆ ಹೋದಾಗ ಕನ್ನಡದ ಇಂಟರ್‌ಪ್ರಿಟರ್ ಕೇಳಬಹುದು, ಅದಕ್ಕೆ ಅವರು ದುಡ್ಡು ಕೊಡಬೇಕಾಗಿಲ್ಲ. ಇದು ಗೊತ್ತಿಲ್ಲದೆ ಎಷ್ಟು ಜನ ಆಫೀಸಿಗೆ ರಜೆ ಹಾಕಿ ಅಪ್ಪ ಅಮ್ಮನ ಜೊತೆ ಹೋಗುತ್ತಾರೋ! ಅದಾದರೂ ಪರವಾಗಿಲ್ಲ, ಮೊಮ್ಮಗಳನ್ನು ಕಳಿಸುತ್ತಾರಲ್ಲ, ಅದು ಬೇಡ. ಅಜ್ಜಿಯ ಗರ್ಭಕೋಶದ ವಿಷಯವನ್ನು ಆರನೇ ಕ್ಲಾಸಿನ ಹುಡುಗಿ ಡಾಕ್ಟರಿಗೆ ಹೇಳಬೇಕು ಅಂದರೆ ಅಜ್ಜಿ ಅರ್ಧ ವಿಷಯ ನುಂಗಿಬಿಡುತ್ತಾರೆ. ಫೆಡರಲ್ ಹಣ ಪಡೆಯುವ ಆಸ್ಪತ್ರೆಗಳು ತುರ್ತು ಸಂದರ್ಭ ಬಿಟ್ಟು ಮಕ್ಕಳನ್ನು ಇಂಟರ್‌ಪ್ರಿಟರ್ ಮಾಡುವಂತಿಲ್ಲ ಅಂತ 2016ರಲ್ಲೇ ನಿಯಮ ಬಂತು. ಕಾರಣ ಇದೇ.

ಈಗ ನನ್ನ ಕೆಲಸದ ತಿರುಳಿಗೆ ಬರುತ್ತೇನೆ. ಎಲ್ಲರೂ ಈ ಕಚೇರಿಯನ್ನು ಅನುವಾದದ ಅಂಗಡಿ ಅಂದುಕೊಂಡಿದ್ದಾರೆ. ಇಲಾಖೆಗಳು ಶುಕ್ರವಾರ ಸಂಜೆ ಒಂದು ಪಿಡಿಎಫ್ ಕಳಿಸಿ ಸೋಮವಾರ ಬೆಳಗ್ಗೆಗೆ ಎಂಟು ಭಾಷೆಯಲ್ಲಿ ಬೇಕು ಅನ್ನುತ್ತವೆ. ತೆರೆದು ನೋಡಿದರೆ ಇಂಗ್ಲಿಷೇ ಅರ್ಥವಾಗುವುದಿಲ್ಲ. ವಕೀಲರು ಬರೆದ ವಾಕ್ಯ, ಉಸಿರು ಕಟ್ಟುವಷ್ಟು ಉದ್ದ. ಯಾವ ತಾರೀಖಿನೊಳಗೆ ಏನು ಮಾಡಬೇಕು ಅನ್ನುವುದು ಎರಡನೇ ಪುಟದ ಕೊನೆಯಲ್ಲಿ. ಅದನ್ನು ವಿಯೆಟ್ನಾಮೀಸ್‌ಗೆ ಹಾಕಿದರೆ ವಿಯೆಟ್ನಾಮೀಸ್‌ನಲ್ಲಿ ಅರ್ಥವಾಗದ ಪತ್ರ ಸಿಗುತ್ತದೆ, ಅಷ್ಟೇ. ಅದಕ್ಕೆ ನಮ್ಮ ಮೊದಲ ಜಗಳ ಯಾವಾಗಲೂ ಇಂಗ್ಲಿಷಿನ ಮೇಲೆ. ಮೊದಲ ಸಾಲಿನಲ್ಲಿ ಕೊನೆಯ ದಿನಾಂಕ ಹಾಕಿ, ಎಷ್ಟು ದುಡ್ಡು ಅಂತ ಬರೆಯಿರಿ, ಯಾರಿಗೆ ಫೋನ್ ಮಾಡಬೇಕು ಅಂತ ಬರೆಯಿರಿ, ಆಮೇಲೆ ಅನುವಾದದ ಮಾತು.

ಇನ್ನು ಆ ಫೋನ್ ನಂಬರು. ನೀರು ಕಟ್ ಮಾಡುತ್ತೇವೆ ಅನ್ನುವ ನೋಟಿಸು ಒಳ್ಳೆಯ ಸ್ಪ್ಯಾನಿಷ್‌ನಲ್ಲಿ ಹೋಗಿರುತ್ತದೆ. ಪ್ರಶ್ನೆ ಇದ್ದರೆ ಈ ನಂಬರಿಗೆ ಕರೆ ಮಾಡಿ ಅಂತ ಕೆಳಗೆ ಸ್ಪ್ಯಾನಿಷ್‌ನಲ್ಲೇ ಬರೆದಿರುತ್ತದೆ. ಕರೆ ಮಾಡಿದರೆ ಇಂಗ್ಲಿಷ್ ಮೆನು. ಒಂದು ಒತ್ತಿ, ನಾಲ್ಕು ಒತ್ತಿ, ಖಾತೆಯ ಸಂಖ್ಯೆ ಹೇಳಿ. ಇಂಟರ್‌ಪ್ರಿಟರ್ ಸಿಗುವುದು ಮನುಷ್ಯರ ದನಿ ಕೇಳಿದ ಮೇಲೆ, ಆದರೆ ಮನುಷ್ಯರ ತನಕ ಹೋಗಲು ಇಂಗ್ಲಿಷ್ ಬೇಕು. ಇದನ್ನು ಯಾರೂ ಬೇಕಂತ ಮಾಡಿದ್ದಲ್ಲ. ಪತ್ರ ಬರೆಯುವವರು ಒಬ್ಬರು, ಫೋನ್ ವ್ಯವಸ್ಥೆ ನೋಡಿಕೊಳ್ಳುವವರು ಇನ್ನೊಬ್ಬರು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಹಾಗಾಗಿ ನಾವು ಗುಟ್ಟಾಗಿ ಜನರಿಂದ ಫೋನ್ ಮಾಡಿಸುತ್ತೇವೆ. ನ್ಯೂಯಾರ್ಕ್ ಕೂಡ ಇದನ್ನು ಮಾಡುತ್ತದೆ. ಇಂಗ್ಲಿಷ್ ಬಾರದವರಂತೆ ಕರೆ ಮಾಡಿ ಎಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಬರೆದು ಕೊಡುವುದು. ಇಲಾಖೆಯ ಮುಖ್ಯಸ್ಥರ ಮುಂದೆ ನೂರು ಪುಟದ ವರದಿ ಇಟ್ಟರೆ ಏನೂ ಆಗುವುದಿಲ್ಲ. ಅವರದ್ದೇ ಫೋನ್ ಲೈನಿನಲ್ಲಿ ಒಬ್ಬ ಹೆಂಗಸು "ಕೊರಿಯನ್, ಕೊರಿಯನ್" ಅನ್ನುತ್ತಿರುವಾಗ ಗುಮಾಸ್ತರು ಫೋನ್ ಇಟ್ಟ ವಿವರ ಓದಿ ಹೇಳಿದರೆ ಆ ಮೀಟಿಂಗ್ ಬೇರೆಯೇ ಆಗುತ್ತದೆ.

ಯಾಕೆ ಫೋನ್ ಇಡುತ್ತಾರೆ? ದ್ವೇಷ ಅಂತ ಹೇಳುವುದು ಸುಲಭ. ನಾನು ನೋಡಿದ ಮಟ್ಟಿಗೆ ಜಾಸ್ತಿ ಸಲ ಕಾರಣ ದುಡ್ಡು ಮತ್ತು ಟೈಮು. ಫೋನ್ ಇಂಟರ್‌ಪ್ರಿಟರಿಗೆ ನಿಮಿಷದ ಲೆಕ್ಕ. ಆ ಬಿಲ್ಲು ಇಲಾಖೆಯ ಬಜೆಟ್ಟಿಗೆ ಬಂದರೆ ಮೇಲಿನ ಸೂಪರ್‌ವೈಸರ್ ತಿಂಗಳ ಕೊನೆಯಲ್ಲಿ ಮುಖ ಗಂಟು ಹಾಕುತ್ತಾರೆ, ಕೌಂಟರಿನವರಿಗೆ ಅದು ತಾನಾಗಿಯೇ ಅರ್ಥವಾಗುತ್ತದೆ. ಇನ್ನು ಒಬ್ಬೊಬ್ಬರಿಗೆ ಎಷ್ಟು ನಿಮಿಷ ತಗೊಂಡೆ ಅಂತ ಅಳೆಯುತ್ತಾರೆ. ಇಂಟರ್‌ಪ್ರಿಟರ್ ಜೊತೆ ಮಾತಾಡಿದರೆ ಸಮಯ ಎರಡರಷ್ಟು ಆಗುತ್ತದೆ. ಹಾಗಾಗಿ ನಾನು ಈ ಹುದ್ದೆಗೆ ಬಂದ ಮೇಲೆ ಅತಿ ಹೆಚ್ಚು ಹಟ ಹಿಡಿದಿದ್ದು ಪೋಸ್ಟರು, ಉತ್ಸವ, ಜಾಥಾಗಳಿಗಲ್ಲ. ಫೋನ್ ಬಿಲ್ಲನ್ನು ಇಲಾಖೆಗಳಿಂದ ತೆಗೆದು ಒಂದು ಕೇಂದ್ರ ಖಾತೆಗೆ ಹಾಕಿ ಅಂತ. ತುಂಬಾ ಬೋರಿಂಗ್ ವಿಷಯ, ಫೋಟೋ ತೆಗೆಯೋಕೂ ಏನೂ ಇಲ್ಲ. ಆದರೆ ಬಿಲ್ಲು ಕಣ್ಣಿಗೆ ಬೀಳದಿದ್ದರೆ ಜನ ಧಾರಾಳವಾಗಿ ಫೋನ್ ಎತ್ತುತ್ತಾರೆ.

ಎರಡು ಭಾಷೆ ಬರುವ ಸಿಬ್ಬಂದಿಯ ಕಥೆಯೂ ಹೀಗೇ. ಇಡೀ ಮಹಡಿಗೆ ಸ್ಪ್ಯಾನಿಷ್ ಬರುವ ಒಬ್ಬಳು ಹುಡುಗಿ ಇದ್ದರೆ ಎಲ್ಲರೂ ಅವಳನ್ನೇ ಕರೆಯುತ್ತಾರೆ. ಅವಳ ಸ್ವಂತ ಕೆಲಸ ಉಳಿಯುತ್ತದೆ, ವರ್ಷದ ಕೊನೆಗೆ ಅವಳ ರಿವ್ಯೂನಲ್ಲಿ ಕೆಲಸ ನಿಧಾನ ಅಂತ ಬರುತ್ತದೆ. ಭಾಷೆಗೆ ಪರೀಕ್ಷೆ ಮಾಡಿ, ಅದಕ್ಕೆ ಬೇರೆ ಭತ್ಯೆ ಕೊಡಿ, ಅವಳ ಕೆಲಸದ ಪಟ್ಟಿಯಲ್ಲೇ ಅದನ್ನು ಬರೆಯಿರಿ ಅಂತ ನಾವು ಬೆನ್ನು ಹತ್ತುತ್ತೇವೆ.

ಈಗಂತೂ ಪ್ರತಿ ಮೀಟಿಂಗ್‌ನಲ್ಲೂ ಯಾರಾದರೊಬ್ಬರು ಕೇಳುತ್ತಾರೆ, ಕಂಪ್ಯೂಟರೇ ಅನುವಾದ ಮಾಡುತ್ತಲ್ಲ, ನಿಮ್ಮ ಕಚೇರಿ ಯಾಕೆ? ಲೈಬ್ರರಿಯ ಕಥೆ ಹೇಳುವ ಕಾರ್ಯಕ್ರಮದ ಸಮಯ ತಿಳಿಸೋಕೆ ಅದು ಸಾಕು, ನಾವೂ ಬಳಸುತ್ತೇವೆ. ಮನೆ ಖಾಲಿ ಮಾಡುವ ನೋಟಿಸಿಗೆ, ಔಷಧಿಯ ಸೂಚನೆಗೆ ಸಾಲದು. 2024ರ ಫೆಡರಲ್ ಆರೋಗ್ಯ ನಿಯಮದಲ್ಲೂ ಮುಖ್ಯವಾದ ವಿಷಯಗಳಲ್ಲಿ ಯಂತ್ರದ ಅನುವಾದವನ್ನು ಅರ್ಹ ಅನುವಾದಕರು ನೋಡಲೇಬೇಕು ಅಂತಿದೆ.

ಭಾಷೆ ಸಿಗದಿದ್ದರೆ ಏನಾಗುತ್ತದೆ ಅನ್ನುವವರಿಗೆ ನಾನು 2021ರ ಸೆಪ್ಟೆಂಬರ್ 1ರ ರಾತ್ರಿ ನೆನಪಿಸುತ್ತೇನೆ. ಐಡಾ ಚಂಡಮಾರುತದ ಮಳೆ ನ್ಯೂಯಾರ್ಕ್ ಮೇಲೆ ಸುರಿಯಿತು. ಸಿಟಿಯಲ್ಲಿ 13 ಜನ ಸತ್ತರು, ಅದರಲ್ಲಿ 11 ಜನ ನೆಲಮಾಳಿಗೆಯ ಮನೆಗಳಲ್ಲಿ, ಹೆಚ್ಚಿನವು ಕ್ವೀನ್ಸ್‌ನಲ್ಲಿ. ಕ್ವೀನ್ಸ್ ಅಂದರೆ ನೇಪಾಳಿ, ಚೈನೀಸ್, ಬಂಗಾಳಿ ಎಲ್ಲ ಒಂದೇ ಬೀದಿಯಲ್ಲಿ ಕೇಳಿಸುವ ಜಾಗ. ಹವಾಮಾನ ಇಲಾಖೆಯ ಪ್ರವಾಹದ ಎಚ್ಚರಿಕೆ ಮೊಬೈಲುಗಳಿಗೆ ಬಂದಿದ್ದು ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ ಮಾತ್ರ. ಬೇರೆ ಭಾಷೆಯಲ್ಲಿ ಬಂದಿದ್ದರೆ ಎಷ್ಟು ಜನ ಉಳಿಯುತ್ತಿದ್ದರು ಅಂತ ಲೆಕ್ಕ ಹಾಕೋಕೆ ಆಗೋದಿಲ್ಲ, ನೆಲಮಾಳಿಗೆಯೇ ಅಪಾಯದ ಮನೆ. ಆದರೂ ಓಡಿ ಅಂತ ಅರ್ಥವಾಗುವ ಮಾತಿನಲ್ಲಿ ಹೇಳುವುದು ಕನಿಷ್ಠ ಕೆಲಸ ಅಲ್ವಾ?

ಹಿಡಿದು ದೇಶದಿಂದ ಹೊರಗೆ ಕಳಿಸಿಬಿಡುತ್ತಾರೆ ಅನ್ನುವ ಭಯದ ವಿಷಯ ಬೇರೆ. ಈಚೆಗೆ ಭಾಷೆ ಇದ್ದರೂ ಜನ ಬಾಗಿಲಿಗೆ ಬರುವುದಿಲ್ಲ. ಸರ್ಕಾರದ ಕಟ್ಟಡ ಅಂದರೆ ಎಲ್ಲವೂ ಒಂದೇ, ಸಿಟಿ ಯಾವುದು ಫೆಡರಲ್ ಯಾವುದು ಅಂತ ಅವರು ಯಾಕೆ ವಿಂಗಡಿಸಬೇಕು? ನ್ಯೂಯಾರ್ಕ್‌ನಲ್ಲಿ 2003ರಿಂದಲೂ ಒಂದು ಆದೇಶ ಇದೆ, ಅಗತ್ಯ ಇಲ್ಲದಿದ್ದರೆ ಸಿಟಿ ನೌಕರರು ವಲಸೆಯ ಸ್ಥಿತಿ ಕೇಳುವಂತಿಲ್ಲ. ಕೇಳದಿರುವುದು ಒಂದು, ಬರೆದಿಡದಿರುವುದು ಇನ್ನೊಂದು. 2015ರಲ್ಲಿ ಅದೇ ನ್ಯೂಯಾರ್ಕ್ ಎಲ್ಲ ನಿವಾಸಿಗಳಿಗೂ ಸಿಟಿಯ ಗುರುತಿನ ಚೀಟಿ ಕೊಡಲು ಶುರು ಮಾಡಿತು. ಅರ್ಜಿದಾರರ ದಾಖಲೆಗಳ ಪ್ರತಿ ಇಟ್ಟುಕೊಂಡಿತ್ತು. 2016ರ ಚುನಾವಣೆಯಲ್ಲಿ ಟ್ರಂಪ್ ಗೆದ್ದ ಮೇಲೆ, ಫೆಡರಲ್ ಸರ್ಕಾರದ ಕೈಗೆ ಸಿಗಬಾರದು ಅಂತ ಅವನ್ನು ನಾಶ ಮಾಡಲು ಹೊರಟರೆ ಕೋರ್ಟಿನಲ್ಲಿ ಕೇಸು ಬಿತ್ತು. 2017ರಲ್ಲಿ ಸಿಟಿ ಪರವಾಗಿ ತೀರ್ಪು ಬಂತು ಅನ್ನಿ. ಆದರೆ ನಾನು ಹೊಸ ಫಾರಂ ನೋಡಿದಾಗಲೆಲ್ಲ ಮೊದಲು ಹುಡುಕುವುದು ಬೇಡದ ಕಾಲಂಗಳನ್ನೇ. ಹುಟ್ಟಿದ ದೇಶ ಯಾಕೆ ಬೇಕು? ಈಜು ಕ್ಲಾಸಿಗೆ ಸೇರುವುದಕ್ಕಾ? ತೆಗೆಯಿರಿ.

ಕೊನೆಗೆ ನಮ್ಮ ಕನ್ನಡದವರಿಗೆ ಒಂದೆರಡು ಮಾತು. ಸೆನ್ಸಸ್ ಬ್ಯೂರೋ ಪ್ರತಿ ವರ್ಷ ಅಮೆರಿಕನ್ ಕಮ್ಯುನಿಟಿ ಸರ್ವೇ ಅಂತ ಮಾಡುತ್ತದೆ. ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ, ಇಂಗ್ಲಿಷ್ ಎಷ್ಟು ಚೆನ್ನಾಗಿ ಬರುತ್ತದೆ ಅಂತ ಅದರಲ್ಲಿ ಕೇಳುತ್ತಾರೆ. ಉತ್ತರ ನಾಲ್ಕು: ತುಂಬಾ ಚೆನ್ನಾಗಿ, ಚೆನ್ನಾಗಿ, ಅಷ್ಟಾಗಿ ಇಲ್ಲ, ಇಲ್ಲವೇ ಇಲ್ಲ. "ತುಂಬಾ ಚೆನ್ನಾಗಿ" ಬಿಟ್ಟು ಬೇರೆ ಏನು ಹಾಕಿದರೂ ಭಾಷಾ ಸಹಾಯ ಬೇಕಾದವರ ಲೆಕ್ಕಕ್ಕೆ ಸೇರುತ್ತಾರೆ. ನಮ್ಮ ಮನೆಗಳಲ್ಲಿ ಫಾರಂ ತುಂಬುವುದು ಮಗ, ಅಮ್ಮನ ಮುಂದೆ ಅಭಿಮಾನ ಪಟ್ಟು "ತುಂಬಾ ಚೆನ್ನಾಗಿ" ಅಂತ ಟಿಕ್ ಹಾಕುತ್ತಾನೆ. ಅಮ್ಮ ಲೆಕ್ಕದಿಂದ ಹೊರಗೆ. ಸಾಲದ್ದಕ್ಕೆ ಸೆನ್ಸಸ್‌ನ ಪಟ್ಟಿಯಲ್ಲಿ ತೆಲುಗು, ತಮಿಳಿಗೆ ಬೇರೆ ಬೇರೆ ಸಾಲು ಇದೆ, ಕನ್ನಡ ಮಾತ್ರ "ಮಲಯಾಳಂ, ಕನ್ನಡ ಅಥವಾ ಇತರ ದ್ರಾವಿಡ ಭಾಷೆಗಳು" ಅನ್ನುವ ಒಂದೇ ಸಾಲಿನಲ್ಲಿ ಇದೆ. ಆ ಸಾಲು ಹಿಡಿದುಕೊಂಡು ಕನ್ನಡಕ್ಕೆ ಅಂತ ಬಜೆಟ್ ಕೇಳೋಕೆ ನನ್ನಿಂದ ಆಗುವುದಿಲ್ಲ. ಹಾಗಾಗಿ ಕೌಂಟರಿನಲ್ಲಿ, ಆಸ್ಪತ್ರೆಯಲ್ಲಿ, ಶಾಲೆಯಲ್ಲಿ ಕನ್ನಡ ಬೇಕು ಅಂತ ಬಾಯಿಬಿಟ್ಟು ಕೇಳಿ. ಪ್ರತಿ ಕರೆಯೂ ಯಾವ ಭಾಷೆ ಅಂತ ಬಿಲ್ಲಿನಲ್ಲಿ ದಾಖಲಾಗುತ್ತದೆ. ನನಗೆ ಸಿಗುವ ನಿಜವಾದ ಲೆಕ್ಕ ಅದೊಂದೇ.

ಹಾಗೇ ಇನ್ನೊಂದು. ಕನ್ನಡ ಇಂಟರ್‌ಪ್ರಿಟರುಗಳು ಸಾಲುತ್ತಿಲ್ಲ, ಸಂಜೆಯ ಹೊತ್ತು ಲೈನಿನಲ್ಲಿ ಕಾದು ಕಾದು ಜನ ಎದ್ದು ಹೋಗುತ್ತಾರೆ. ಆಸ್ಪತ್ರೆಯ ಇಂಟರ್‌ಪ್ರಿಟರ್ ಸರ್ಟಿಫಿಕೇಟಿಗೆ ಬೇಕಾಗುವ ತರಬೇತಿ ಕನಿಷ್ಠ 40 ಗಂಟೆ, ಕನ್ನಡದವರೂ ಬರೆಯಬಹುದಾದ ಪರೀಕ್ಷೆ ಇದೆ. ಮನೆಯಿಂದಲೇ ಮಾಡುವ ಕೆಲಸ. ಕೆಲಸದ ವೀಸಾದಲ್ಲಿ ಬಂದವರ ಕುಟುಂಬಕ್ಕೆ ಸಿಗುವ ಎಚ್-4 ವೀಸಾದಲ್ಲಿ ಇರುವವರು ಮೊದಲು ಕೆಲಸದ ಪರ್ಮಿಟ್ ಇದೆಯಾ ನೋಡಿಕೊಳ್ಳಿ, ಆಮೇಲೆ ಅರ್ಜಿ ಹಾಕಿ.